ರುದ್ರಸ್ವಾಮಿಯವರ ಅಪ್ಪನ ಪ್ಲೇಟು

ಮೈಸೂರಿನ ಅಗ್ರಹಾರದಲ್ಲಿ ರುದ್ರಸ್ವಾಮಿಯವರನ್ನು ಯಾರೂ ಬರೀ ರುದ್ರಸ್ವಾಮಿ ಎನ್ನುತ್ತಿರಲಿಲ್ಲ. ‘ರೆಕಾರ್ಡ್ ರೂಮ್ ರುದ್ರಸ್ವಾಮಿ’ ಎನ್ನುತ್ತಿದ್ದರು. ಒಂದು ಸರ್ಕಾರಿ ಕಚೇರಿಯ ಹಿಂಭಾಗದ ಕಿಟಕಿಯಿಲ್ಲದ ಕೋಣೆಯಲ್ಲಿ, ಹಳೇ ಕಡತಗಳ ನಡುವೆ ಇಪ್ಪತ್ತೆಂಟು ವರ್ಷದಿಂದ ಕೂತಿದ್ದ ಅವರಿಗೆ ಇದ್ದದ್ದು ಒಂದೇ ಹೆಮ್ಮೆ. ನಂಬರು ಹೇಳಿದರೆ ಸಾಕು, ಆ ಕಡತ ಯಾವ ಬೀರುವಿನ ಎಷ್ಟನೇ ಅರೆಯಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಿಬಿಡುತ್ತಿದ್ದರು. ಕಡತದ ಒಳಗೆ ಏನಿದೆ ಎಂದು ಕೇಳಿದರೆ ಮಾತ್ರ ಅವರಿಗೆ ಕೋಪ ಬರುತ್ತಿತ್ತು.

“ಒಳಗಡೆ ಇರೋದು ಸಾಹೇಬ್ರ ಸಮಾಚಾರ ಕಣ್ರೀ. ನಂಬರು ನನ್ನ ಸಮಾಚಾರ. ನಂಬರು ಸರಿ ಇದ್ರೆ ಎಲ್ಲಾ ಸರಿ ಇದ್ದಂಗೆ.”

ಇಷ್ಟು ನಿಷ್ಠೆಯಿಂದ ನಂಬರುಗಳನ್ನು ಕಾಪಾಡಿದ ಮನುಷ್ಯನಿಗೆ ನಂಬರೇ ಕೈಕೊಟ್ಟಿತು. ಹೇಗೆ ಕೊಟ್ಟಿತು ಎಂಬುದನ್ನು ಹೇಳಬೇಕಾದರೆ ಮೊದಲು ಅವರ ಅಪ್ಪನ ವಿಷಯ ಹೇಳಬೇಕು.

ಅವರ ಅಪ್ಪ ಚನ್ನಬಸವಯ್ಯನವರು ವಚನ ಹಾಡುತ್ತಿದ್ದರು. ಅಗ್ರಹಾರದ ಮಠದಲ್ಲಿ ಅವರು ಹಾಡಲು ಕೂತರೆ ಎದುರಿನ ಬೀದಿಯ ಅಂಗಡಿಯವರು ವ್ಯಾಪಾರ ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ. ಸಾವಿರದ ಒಂಬೈನೂರ ನಲವತ್ತಾರರಲ್ಲಿ ಯಾವುದೋ ಗ್ರಾಮಫೋನ್ ಕಂಪನಿ ಅವರನ್ನು ಮದ್ರಾಸಿಗೆ ಕರೆಸಿ, ಎರಡು ವಚನ ಹಾಡಿಸಿ, ಒಂದು ಪ್ಲೇಟು ಹೊರತಂದಿತು. ಮರುವರ್ಷ ವಿಷಮಶೀತ ಜ್ವರ ಬಂದು ಚನ್ನಬಸವಯ್ಯನವರು ತೀರಿಕೊಂಡರು. ಆಗ ರುದ್ರಸ್ವಾಮಿಗೆ ಒಂದೂವರೆ ವರ್ಷ. ತಾಯಿ ಸರ್ವಮಂಗಳಮ್ಮನವರಿಗೆ ಇಪ್ಪತ್ತೈದು.

ಮನೆಯಲ್ಲಿ ಉಳಿದದ್ದು ಒಂದು ಪ್ಲೇಟು. ಅದನ್ನೂ ನಾಲ್ಕು ವರ್ಷದ ರುದ್ರಸ್ವಾಮಿ ಒಂದು ಮಧ್ಯಾಹ್ನ ಪೆಟ್ಟಿಗೆಯಿಂದ ತೆಗೆದು, ಬೀದಿಗೆ ಒಯ್ದು, ಕಡ್ಡಿಯಿಂದ ತಟ್ಟುತ್ತ ಗಾಲಿಯ ಹಾಗೆ ಉರುಳಿಸಿಕೊಂಡು ಓಡಿದ. ಪ್ಲೇಟು ಚೆನ್ನಾಗಿಯೇ ಉರುಳಿತಂತೆ. ತಿರುವಿನಲ್ಲಿ ಒಂದು ಜಟಕಾಗಾಡಿಗೆ ಸಿಕ್ಕಿತು. ತಾಯಿ ಚೂರುಗಳನ್ನು ಸೆರಗಿನಲ್ಲಿ ಆರಿಸಿಕೊಂಡು ಬಂದರು. ಮಗನಿಗೆ ಹೊಡೆಯಲಿಲ್ಲ, ಆ ಮಾತನ್ನು ಮತ್ತೆ ಎತ್ತಲೂ ಇಲ್ಲ. ಈ ಸಂಗತಿಯನ್ನು ರುದ್ರಸ್ವಾಮಿಗೆ ಹೇಳಿದವರು ಪಕ್ಕದ ಮನೆಯ ದೊರೆಸ್ವಾಮಿ. ನಿವೃತ್ತ ಡ್ರಿಲ್ ಮಾಸ್ತರರಾದ ಅವರು ಸತ್ಯವನ್ನು ಯಾವತ್ತೂ ಗಟ್ಟಿಯಾದ ದನಿಯಲ್ಲೇ ಹೇಳುವವರು. ಹೇಳಿದ್ದು ರುದ್ರಸ್ವಾಮಿಯ ಮದುವೆಯ ದಿನ, ಊಟದ ಪಂಕ್ತಿಯಲ್ಲಿ.

ಅಂದಿನಿಂದ ರುದ್ರಸ್ವಾಮಿ ಆ ಪ್ಲೇಟನ್ನು ಹುಡುಕತೊಡಗಿದರು. ಕಂಪನಿ ಮುಚ್ಚಿಹೋಗಿತ್ತು. ಅದು ಅಪ್ಪನಿಗೆ ಬರೆದ ಒಂದು ಕಾಗದ ಮಾತ್ರ ಉಳಿದಿತ್ತು. ‘ತಮ್ಮ ಗಾಯನದ ರೆಕಾರ್ಡು ಎನ್ 4172 ಎಂಬ ನಂಬರಿನಲ್ಲಿ ಬಿಡುಗಡೆಯಾಗಿದೆ’ ಎಂದು ಅದರಲ್ಲಿತ್ತು. ಆ ನಂಬರನ್ನು ಅವರು ಮೈಸೂರಿನ ಗುಜರಿ ಅಂಗಡಿಗಳಲ್ಲೆಲ್ಲ ಹೇಳಿಟ್ಟಿದ್ದರು. ಹಳೇ ಪೇಪರಿನವರು, ಪಾತ್ರೆಯವರು, ಕೊನೆಗೆ ಅಮ್ಮಿಕಲ್ಲು ಕುಟ್ಟಲು ಬರುವವರು ಕೂಡ ಅವರನ್ನು ಕಂಡರೆ, ಅವರು ಕೇಳುವ ಮೊದಲೇ “ಇನ್ನೂ ಸಿಕ್ಕಿಲ್ಲ ಸಾರ್” ಎನ್ನುತ್ತಿದ್ದರು.

ತೊಂಬತ್ತೇಳನೇ ಇಸವಿಯ ಏಪ್ರಿಲ್‌ನಲ್ಲಿ ಅದು ಸಿಕ್ಕಿತು.

ತಂದವನು ಕೆಸರೆಯ ಮೂಗಯ್ಯ. ಗುಜರಿ ವ್ಯಾಪಾರದಲ್ಲಿ ತಲೆ ನರೆತವನು. ನಜರ್‌ಬಾದಿನ ಹಳೇ ಬಂಗಲೆಯೊಂದನ್ನು ಖಾಲಿ ಮಾಡುವಾಗ ಸಿಕ್ಕಿತೆಂದು ಒಂದು ಪ್ಲೇಟನ್ನು ಗೋಣಿಯಲ್ಲಿ ಸುತ್ತಿ ತಂದಿದ್ದ. ನಡುವಿನ ಲೇಬಲ್ಲನ್ನು ಗೆದ್ದಲು ಪೂರ್ತಿ ತಿಂದಿತ್ತು. ಆದರೆ ಲೇಬಲ್ಲಿನ ಅಂಚಿಗೆ, ಗೆರೆಗಳು ಮುಗಿಯುವಲ್ಲಿ, ಪ್ಲೇಟಿನ ಅರಗಿನಲ್ಲೇ ಸಣ್ಣದಾಗಿ ಕೊರೆದ ಅಂಕಿಗಳಿದ್ದವು. ರುದ್ರಸ್ವಾಮಿ ಕನ್ನಡಕ ಹಣೆಗೇರಿಸಿ, ಪ್ಲೇಟನ್ನು ಬಿಸಿಲಿಗೆ ಓರೆ ಮಾಡಿ ನೋಡಿದರು. ನಾಲ್ಕು, ಒಂದು, ಏಳು, ಎರಡು. ಆಮೇಲೊಂದು ಅಡ್ಡಗೆರೆ, ಇನ್ನೊಂದು ಎರಡು.

ಜಗಲಿಯ ಮೇಲೆ ಹಾಗೇ ಕೂತುಬಿಟ್ಟರು.

“‘ಎನ್’ ಅಕ್ಷರ ಕಾಣಾಕಿಲ್ವಲ್ಲ ಸಾ” ಎಂದ ಮೂಗಯ್ಯ.

“ಸವೆದೋಗಿರುತ್ತೆ ಕಣಯ್ಯ. ಐವತ್ತು ವರ್ಷ ಆಯ್ತಲ್ಲ.”

“ಕೊನೇಗೊಂದು ಎರಡು ಐತಲ್ಲ, ಅದೇನು?”

“ಎರಡನೇ ಪ್ರತಿ. ಆಫೀಸ್ ಕಾಪಿ.” ರುದ್ರಸ್ವಾಮಿ ಈ ಉತ್ತರಕ್ಕೆ ಒಂದು ಕ್ಷಣವೂ ತಡವರಿಸಲಿಲ್ಲ.

“ಅಂಗಂತೀರಾ? ಆದ್ರೂ ಒಂದ್ಸಲ ಪ್ಲೇಟ್ನ ಆಕಿ ಕೇಳ್ಬುಡಿ ಸಾ.”

ಒಳಗಿನಿಂದ ಹೆಂಡತಿ ಸುಮಿತ್ರಮ್ಮನೂ ಅದನ್ನೇ ಹೇಳಿದರು. ರುದ್ರಸ್ವಾಮಿ ಒಪ್ಪಲಿಲ್ಲ. ಅದಕ್ಕೆ ಹಟ ಮಾತ್ರ ಕಾರಣವಲ್ಲ. ಅಪ್ಪನ ದನಿಯನ್ನು ಅವರು ಹುಟ್ಟಿದ ಮೇಲೆ ಕೇಳಿದ ನೆನಪಿಲ್ಲ; ಮೊದಲ ಸಲ ಕೇಳುವಾಗ ಅಮ್ಮನ ಪಕ್ಕದಲ್ಲಿ ಕೂತು ಕೇಳಬೇಕು, ಕದ್ದು ಕೇಳಬಾರದು ಎಂದು ಅವರ ಮನಸ್ಸಿನಲ್ಲಿತ್ತು. ಇದನ್ನು ಹೆಂಡತಿಗೆ ಹೇಳಲು ನಾಚಿಕೆಯಾಗಿ, “ನಂಬರು ಸರಿ ಇದ್ಮೇಲೆ ಕೇಳೋದೇನು ಬಂತು?” ಎಂದು ಗದರಿಸಿಬಿಟ್ಟರು.

ಅಷ್ಟರಲ್ಲಿ ಸುದ್ದಿ ದೊರೆಸ್ವಾಮಿಯವರ ಬಾಯಿಗೆ ಬಿದ್ದಾಗಿತ್ತು. ಅಲ್ಲಿಗೆ ಬಿದ್ದದ್ದು ಅಗ್ರಹಾರದ ವೃತ್ತ ದಾಟುವುದಕ್ಕೆ ಅರ್ಧ ಗಂಟೆ ಸಾಕು. ಸಂಜೆಗೆ ಬಡಾವಣೆಯ ಬಳಗದ ಅಧ್ಯಕ್ಷರಾದ ಸಿದ್ದಲಿಂಗಸ್ವಾಮಿಯವರೇ ಮನೆಗೆ ಬಂದರು. ಅವರು ಬಂದರೆಂದರೆ ಸಮಾರಂಭ ಆಗಲೇಬೇಕು.

“ಇದು ನಿಮ್ಮ ಮನೆ ವಿಷಯ ಅಲ್ಲ ರುದ್ರಸ್ವಾಮಿ. ಸಮಾಜದ ಆಸ್ತಿ. ಒಂದು ಭಾನುವಾರ ಇಟ್ಕೊಳ್ಳೋಣ. ಅಧ್ಯಕ್ಷತೆಗೆ ನನ್ನನ್ನ ಬಲವಂತ ಮಾಡಬೇಡಿ, ನಾನಾಗೇ ಒಪ್ಕೊಂಡಿದೀನಿ.”

ಕಾರ್ಡು ಅಚ್ಚಾಯಿತು: ‘ಅಮರಧ್ವನಿ ಶ್ರವಣ ಸಮಾರಂಭ’. ನಂಜನಗೂಡಿನ ಕಡೆಯಿಂದ ಸೋದರಮಾವ ಮರಿಸ್ವಾಮಿಯವರು ಎರಡು ದಿನ ಮೊದಲೇ ಬಂದಿಳಿದರು. ಭಾವ ತೀರಿಕೊಂಡಾಗ ಅವರಿಗೆ ಇಪ್ಪತ್ತು ವರ್ಷ, ಈಗ ಎಪ್ಪತ್ತು. “ಭಾವನ ದನಿ ಅಂದ್ರೆ ಏನು ಅಂದ್ಕೊಂಡಿದೀರಾ? ಗುಡುಗು! ಹಿಂಗೆ ಬಾಯಿ ತೆಗೆದ್ರೆ ಮಠದ ಹೆಂಚು ಅಳ್ಳಾಡೋವು!” ಎಂದು ಬಂದವರಿಗೆಲ್ಲ ಹೇಳಿದರು. ಪ್ರತಿ ಸಲ ಹೇಳುವಾಗಲೂ ನಾಲ್ಕು ಹೆಂಚು ಹೆಚ್ಚು ಅಳ್ಳಾಡಿದವು.

ಸರ್ವಮಂಗಳಮ್ಮ ಭಾನುವಾರ ಬೆಳಗ್ಗೆ ಬೇಗ ಎದ್ದು ಸ್ನಾನ, ಲಿಂಗಪೂಜೆ ಮುಗಿಸಿ, ಟ್ರಂಕಿನ ತಳದಲ್ಲಿದ್ದ ಒಂದು ಸೀರೆಯನ್ನು ಉಟ್ಟುಕೊಂಡು ಬಂದು ಗೋಡೆಗೆ ಒರಗಿ ಕೂತರು. ಆ ಸೀರೆಯನ್ನು ರುದ್ರಸ್ವಾಮಿ ಅದುವರೆಗೆ ನೋಡಿರಲಿಲ್ಲ.

ಹಜಾರದಲ್ಲಿ ಅರವತ್ತು ಜನ ಕೂತಿದ್ದರು. ಇನ್ನಿಪ್ಪತ್ತು ಜನ ಕಿಟಕಿಯ ಹೊರಗೆ. ದೊರೆಸ್ವಾಮಿ ಯಾರಿಂದಲೋ ಎರವಲು ತಂದ, ಕೀಲಿ ಕೊಡುವ ಗ್ರಾಮಫೋನು ಮೇಜಿನ ಮೇಲಿತ್ತು. ಸಿದ್ದಲಿಂಗಸ್ವಾಮಿಯವರು ತಾವಿನ್ನೂ ಕೇಳದ ದನಿಯ ಮಾಧುರ್ಯ, ಗಾಂಭೀರ್ಯ ಮತ್ತು ಭಕ್ತಿಯ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಕೇಸರಿಬಾತಿನ ವಾಸನೆ ಅಡುಗೆಮನೆಯಿಂದ ಬಂದು ಭಾಷಣಕ್ಕೆ ಅಡ್ಡಿಯಾಗದಿದ್ದರೆ ಇನ್ನೂ ಮಾತಾಡುತ್ತಿದ್ದರೋ ಏನೋ.

ರುದ್ರಸ್ವಾಮಿ ಮುಳ್ಳನ್ನು ಪ್ಲೇಟಿನ ಮೇಲಿಟ್ಟು, ಓಡಿ ಬಂದು ಅಮ್ಮನ ಪಕ್ಕ ಕೂತರು.

ಕರಕರ ಎಂದಿತು. ಪಿಯಾನೊ ಬಾರಿಸಿತು. ವಚನಕ್ಕೆ ಪಿಯಾನೊ ಏಕೆ ಎಂದು ಯಾರಾದರೂ ಯೋಚಿಸುವುದರೊಳಗೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ, ಎದೆಯ ತಳದಿಂದ, ಎಳೆದೆಳೆದು ಹಾಡತೊಡಗಿದಳು.



ಮೊದಲು ಬಾಯಿ ಬಿಟ್ಟವರು ದೊರೆಸ್ವಾಮಿ. “ಸ್ಪೀಡು ಜಾಸ್ತಿ ಆಗಿದೆ ಕಣ್ರೀ! ಅದಕ್ಕೇ ಗಂಡಸಿನ ದನಿ ಹೆಂಗಸಿನ ಥರ ಕೇಳ್ತಿದೆ!”

ಅವರೇ ಎದ್ದು ಹೋಗಿ ತಿರುಪು ತಿರುಗಿಸಿದರು. ಪ್ಲೇಟು ನಿಧಾನವಾಯಿತು. ಹಾಡುತ್ತಿದ್ದವಳ ದನಿ ಇಳಿಯುತ್ತ ಇಳಿಯುತ್ತ ದಪ್ಪಗಾಗಿ, ನಿಜವಾಗಿಯೂ ಒಬ್ಬ ಗಂಡಸು ಬಾವಿಯೊಳಗೆ ನಿಂತು ಗೊಣಗಿದಂತಾಯಿತು.

“ಇದೇ! ಇದೇ ಕಣಯ್ಯ ಭಾವನ ದನಿ!” ಮರಿಸ್ವಾಮಿಯವರು ಎದ್ದು ನಿಂತು ಕೈಮುಗಿದರು.

“ಮಾತು ತಿಳೀತಿಲ್ವಲ್ಲ” ಎಂದರು ಕಿಟಕಿಯ ಹೊರಗಿದ್ದವರೊಬ್ಬರು.

“ಹಳಗನ್ನಡ” ಎಂದರು ಸಿದ್ದಲಿಂಗಸ್ವಾಮಿಯವರು.

“ಮದ್ರಾಸಲ್ಲಿ ರೆಕಾರ್ಡ್ ಮಾಡಿದ್ದಲ್ವ, ತೆಲುಗು ಸೇರ್ಕೊಂಡಿರ್ಬೌದು” ಎಂದು ಇನ್ನೊಬ್ಬರು ಸೇರಿಸಿದರು.

ಯಾರೋ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಹಬ್ಬಿತು. ರುದ್ರಸ್ವಾಮಿ ಮಾತ್ರ ಆ ಗೊಣಗಾಟದೊಳಗೆ ಅಪ್ಪನನ್ನು ಹುಡುಕಿ ಹುಡುಕಿ ಸೋತು, ಮೆಲ್ಲನೆ ಅಮ್ಮನ ಮುಖ ನೋಡಿದರು.

ಸರ್ವಮಂಗಳಮ್ಮ ಮಗನ ಕೈಮೇಲೆ ಕೈಯಿಟ್ಟರು.

“ಅವರಲ್ಲ ಕಣಪ್ಪ” ಎಂದರು. ಆಮೇಲೆ ಸ್ವಲ್ಪ ಗಟ್ಟಿಯಾಗಿ, “ದೊರೆಸ್ವಾಮಿ, ಅದನ್ನ ಮೊದ್ಲು ಹೆಂಗಿತ್ತೋ ಹಂಗೇ ಹಾಕ್ಬುಡಪ್ಪ. ಆ ಹೆಣ್ಮಗಳು ಏನೋ ಹೇಳ್ಕೊಳ್ತಾ ಇದ್ಲು. ಪೂರ್ತಿ ಹೇಳ್ಲಿ” ಎಂದರು.

ತಿರುಪು ಹಿಂದಕ್ಕೆ ತಿರುಗಿತು. ಆ ಹೆಂಗಸು ತನ್ನ ದನಿಗೆ ಮರಳಿದಳು. ಅರವತ್ತು ಜನ ತಲೆ ತಗ್ಗಿಸಿಕೊಂಡು ಕೊನೆಯವರೆಗೆ ಕೇಳಿದರು. ಕೇಸರಿಬಾತನ್ನು ಅಷ್ಟು ಮೌನವಾಗಿ ತಿಂದ ಸಮಾರಂಭ ಅಗ್ರಹಾರದಲ್ಲಿ ಹಿಂದೆ ನಡೆದಿರಲಿಲ್ಲ.

ಮರುದಿನದಿಂದ ರುದ್ರಸ್ವಾಮಿ ಬೀದಿಯಲ್ಲಿ ನಡೆಯುವಂತಿರಲಿಲ್ಲ. “ನಿಮ್ಮ ತಂದೆಯವರು ಇಂಗ್ಲಿಷ್ ಚೆನ್ನಾಗಿ ಮಾತಾಡೋರು ಅಂತ ಗೊತ್ತಿರ್ಲಿಲ್ಲ” ಎಂದು ಕಚೇರಿಯ ಮ್ಯಾನೇಜರು ಬಹಳ ಗೌರವದಿಂದಲೇ ಹೇಳಿದರು. ಹಾಲಿನವನು “ಅಜ್ಜಾರು ಅಮೇರಿಕದಾಗೆ ಇದ್ರಂತೆ?” ಎಂದು ಕೇಳಿದ. ಮೂರನೇ ದಿನ ರುದ್ರಸ್ವಾಮಿ ಅರ್ಧ ದಿನ ರಜೆ ಹಾಕಿ, ಪ್ಲೇಟನ್ನು ಬಗಲಲ್ಲಿಟ್ಟುಕೊಂಡು, ಬಸ್ಸು ಹತ್ತಿ ಕೆಸರೆಗೆ ಹೋದರು.

“ಮೋಸ ಮಾಡ್ದಲ್ಲಯ್ಯ ಮೂಗಯ್ಯ! ಜನದ ಮುಂದೆ ನನ್ನ ಮಾನ ತೆಗೆದುಬಿಟ್ಟಲ್ಲ!”

“ನಾ ಏಳ್ನಿಲ್ವಾ ಸಾ, ಆಕಿ ಕೇಳ್ಬುಡಿ ಅಂತ?” ಮೂಗಯ್ಯ ಕುರ್ಚಿಯ ಧೂಳು ಒರೆಸಿ ಕೊಟ್ಟ. “ಕೂತ್ಕಳಿ. ಮಗಳು ಬರ್ಲಿ.”

ಮಗಳು ಸಂಘಮಿತ್ರ ಒಂದು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಪುಸ್ತಕಗಳಿಗೆ ನಂಬರು ಹಾಕಿ ಪಟ್ಟಿ ಮಾಡುವುದು ಅವಳ ಕೆಲಸ ಎಂದು ತಿಳಿದಾಗ ರುದ್ರಸ್ವಾಮಿಯ ಸಿಟ್ಟು ಅರ್ಧ ಇಳಿಯಿತು. ಅವಳು ರುದ್ರಸ್ವಾಮಿ ತಂದಿದ್ದ ಕಂಪನಿಯ ಕಾಗದವನ್ನೂ ಪ್ಲೇಟನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದಳು.

“ಸಾರ್, ಇವು ಎರಡು ಬೇರೆ ಬೇರೆ ನಂಬರು. ಕಾಗದದಲ್ಲಿರೋದು ಲೇಬಲ್ ಮೇಲೆ ಅಚ್ಚು ಹಾಕೋದು. ಅಂಗಡೀಲಿ ಅದನ್ನ ಹೇಳಿ ಪ್ಲೇಟು ತಗೋತಿದ್ರು. ಅರಗಿನಲ್ಲಿ ಕೊರೆದಿರೋದು ಹಾಡಿದ ದಿನ ಆ ಹಾಡಿಗೆ ಕೊಟ್ಟ ನಂಬರು. ಪ್ರತಿ ಕಂಪನೀದೂ ಲೆಕ್ಕ ಬೇರೆ ಬೇರೆ. ನಾಲ್ಕು ಸಾವಿರದ ನೂರಾ ಎಪ್ಪತ್ತೆರಡು ಅಂತ ಪ್ರಪಂಚದಲ್ಲಿ ಎಷ್ಟು ಹಾಡು ಇದಾವೋ.”

“ಹಂಗಾದ್ರೆ ಆ ಕೊನೇ ಎರಡು?”

“ಎರಡನೇ ಸಲ ಹಾಡಿದ್ದು ಅಂತ. ಮೊದಲನೇದು ಸರಿ ಬಂದಿರಲ್ಲ. ಮತ್ತೆ ಹಾಡ್ಸಿರ್ತಾರೆ.”

ಮೂಗಯ್ಯ ತಂದಿಟ್ಟ ಚಹಾ ಆರಿತು.

“ಹೋಗ್ಲಿ ಬುಡು” ಎಂದರು ರುದ್ರಸ್ವಾಮಿ ಕೊನೆಗೆ. “ಇವಳಾದ್ರೂ ಯಾರು ಅಂತ ಗೊತ್ತಾಗುತ್ತಾ ನೋಡಮ್ಮ. ಅಮ್ಮ ದಿನಾ ಕೇಳ್ತಿದಾಳೆ.”

ಅದು ನಿಜ. ಸಮಾರಂಭದ ಮರುದಿನ ಮಧ್ಯಾಹ್ನ ಊಟವಾದ ಮೇಲೆ ಸರ್ವಮಂಗಳಮ್ಮ ಸೊಸೆಯನ್ನು ಕರೆದು, “ಆ ಹೆಣ್ಮಗಳನ್ನ ಇನ್ನೊಂದ್ಸಲ ಹಾಕಮ್ಮ” ಎಂದಿದ್ದರು. ಎರವಲು ಗ್ರಾಮಫೋನನ್ನು ವಾಪಸು ಕೊಡಲು ಆಗಿರಲಿಲ್ಲ.

ಮೂರು ವಾರದ ಮೇಲೆ ಸಂಘಮಿತ್ರ ತಾನೇ ಅಗ್ರಹಾರಕ್ಕೆ ಬಂದಳು. ಹಳೇ ಪ್ಲೇಟುಗಳ ನಂಬರುಗಳನ್ನೆಲ್ಲ ಪಟ್ಟಿ ಮಾಡಿದ ಒಂದು ದಪ್ಪ ಪುಸ್ತಕ ಬೆಂಗಳೂರಿನಲ್ಲಿತ್ತಂತೆ. ಅದರ ಒಂದು ಪುಟದ ಜೆರಾಕ್ಸ್ ತರಿಸಿದ್ದಳು. ಸರ್ವಮಂಗಳಮ್ಮ ಅವಳನ್ನು ಒಳಗೆ ಕರೆದು ತಮ್ಮ ಚಾಪೆಯ ಮೇಲೇ ಕೂರಿಸಿಕೊಂಡರು.

“ಸಾವಿರದ ಒಂಬೈನೂರ ಇಪ್ಪತ್ನಾಕರಲ್ಲಿ ನ್ಯೂಯಾರ್ಕಲ್ಲಿ ಹಾಡಿದ್ದು ಅಜ್ಜಿ. ಕರಿಯರ ಹೆಣ್ಮಗಳು. ಅವರ ಅಜ್ಜ ಅಜ್ಜೀರನ್ನ ದನದ ಹಂಗೆ ಮಾರ್ತಿದ್ರಲ್ಲ, ಆ ಜನ. ಇದೇ ಹಾಡನ್ನ ಮೂರು ಕಂಪನಿಯವರು ಮೂರು ಹೆಸರು ಹಾಕಿ ಮಾರಿದಾರೆ. ಅರಗಿನೊಳಗಿನ ನಂಬರು ಒಂದೇ ಇರೋದ್ರಿಂದ ಮೂರೂ ಒಬ್ಬಳೇ ಅಂತ ಆಮೇಲೆ ಕಂಡುಹಿಡಿದ್ರಂತೆ.”

“ಅವಳ ಹೆಸರೇನು?”

“ನಿಜವಾದ ಹೆಸರು ಗೊತ್ತಿಲ್ಲ ಅಂತ ಬರ್ದಿದಾರೆ.”

“ಅಯ್ಯೋ ಪಾಪ” ಎಂದರು ಸರ್ವಮಂಗಳಮ್ಮ. “ಏನು ಹೇಳ್ತಾವ್ಳೆ?”

ಸುಮಿತ್ರಮ್ಮ ಪ್ಲೇಟು ಹಾಕಿದರು. ಸಂಘಮಿತ್ರ ಕಿವಿಗೊಟ್ಟು ಕೇಳಿ, ಒಂದೊಂದೇ ಸಾಲನ್ನು ಕನ್ನಡ ಮಾಡಿದಳು. “ನೀನು ಹತ್ತಿದ ರೈಲಿನ ಹೊಗೆ ನನ್ನ ಹಿತ್ತಲಿಗೇ ಬಂತು ಅಂತಾಳೆ. ಒಣಗಾಕಿದ್ದ ನಿನ್ನ ಅಂಗಿಗೆ ಮಸಿ ಮೆತ್ಕೊಂಡಿದೆ. ಒಗೀಬೇಕೋ ಬೇಡ್ವೋ, ತಿಳೀತಿಲ್ಲ ಅಂತಾಳೆ.”

ಸರ್ವಮಂಗಳಮ್ಮ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಪ್ಲೇಟು ಮುಗಿದು ಮುಳ್ಳು ಕೆರೆಯುತ್ತಿದ್ದರೂ ಯಾರೂ ಎತ್ತಲಿಲ್ಲ.

“ನಾನು ಒಗೀಲಿಲ್ಲ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ನಿಮ್ಮಪ್ಪ ಇಷ್ಟು ಎಳೀತಿರ್ಲಿಲ್ಲ ಕಣೋ ರುದ್ರ. ಹಿಂಗೆ ಹೇಳೋರು” ಎಂದು, ಸಣ್ಣ ದನಿಯಲ್ಲಿ, ಹಲ್ಲಿಲ್ಲದ ಬಾಯಲ್ಲಿ, ಒಂದು ವಚನದ ಮೊದಲ ಸಾಲು ಎತ್ತಿದರು. ನಡುವೆ ಒಂದು ಕಡೆ ನಿಲ್ಲಿಸಿ, ಉಸಿರು ತೆಗೆದುಕೊಂಡು, ಮುಂದಿನ ಮಾತನ್ನು ಮೆಲ್ಲನೆ ಕೆಳಗಿಟ್ಟರು.

ರುದ್ರಸ್ವಾಮಿ ಚಾಪೆಯ ಹತ್ತಿರಕ್ಕೆ ಸರಿದರು. “ಅಮ್ಮಾ! ನಿಂಗೆ ಬರುತ್ತಾ ಅದು?”

“ಏಳು ವರ್ಷ ದಿನಾ ಬೆಳಗ್ಗೆ ಕೇಳಿದೀನಲ್ಲಪ್ಪ.”

“ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ನೀನೆಲ್ಲಿ ಕೇಳ್ದೆ? ನೀನು ಪ್ಲೇಟು ಕೇಳ್ದೆ.”

ಮುಂದಿನ ಭಾನುವಾರ ಸಂಘಮಿತ್ರ ತನ್ನ ಟೇಪ್ ರೆಕಾರ್ಡರ್ ತಂದುಕೊಟ್ಟಳು. ಕೆಂಪು ಬಟನ್ನನ್ನೂ ಪಕ್ಕದ್ದನ್ನೂ ಒಟ್ಟಿಗೆ ಒತ್ತಬೇಕೆಂದು ಮೂರು ಸಲ ತೋರಿಸಿ ಹೊರಟುಹೋದಳು. ರುದ್ರಸ್ವಾಮಿ ಎರಡನ್ನೂ ಒಟ್ಟಿಗೇ ಒತ್ತಿದರು. ಈ ಕಥೆಯಲ್ಲಿ ಅವರು ಸರಿಯಾಗಿ ಮಾಡಿದ ಮೊದಲ ಕೆಲಸ ಅದು. ಸರ್ವಮಂಗಳಮ್ಮ ಮಧ್ಯಾಹ್ನವೆಲ್ಲ ಹಾಡಿದರು. ಆ ಪ್ಲೇಟಿನ ಎರಡೂ ವಚನ, ಪ್ಲೇಟಿನಲ್ಲಿಲ್ಲದ್ದು ಏಳೆಂಟು, ಬೀಸುವಾಗ ತಾವೇ ಹೇಳಿಕೊಳ್ಳುತ್ತಿದ್ದದ್ದು ಎರಡು. ಕ್ಯಾಸೆಟ್ಟಿನ ಎರಡೂ ಕಡೆ ತುಂಬಿತು. ರುದ್ರಸ್ವಾಮಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಪ್ಪ ಕೊನೆಗೂ ಮನೆಗೆ ಬಂದಾಯಿತು, ಅವಸರವೇನು ಎಂದುಕೊಂಡು ಟೇಪು ಹಾಕಿ ಕೇಳಲಿಲ್ಲ.

ಶ್ರಾವಣದಲ್ಲಿ, ಬೆಳಗ್ಗೆ ಹೂ ಕೀಳಲು ಹೋದ ಸರ್ವಮಂಗಳಮ್ಮ ಹಿತ್ತಲಿನಲ್ಲೇ ಕುಸಿದು ಕೂತರು. ಸುಮಿತ್ರಮ್ಮ ನೀರು ತರುವುದರೊಳಗೆ ಎಲ್ಲಾ ಮುಗಿದಿತ್ತು.

ಹನ್ನೊಂದನೇ ದಿನ ಗಣಾರಾಧನೆ. ಅದೇ ಹಜಾರ, ಹೆಚ್ಚುಕಡಿಮೆ ಅದೇ ಜನ. ಪ್ರಸಾದವಾದ ಮೇಲೆ ಯಾರೂ ಏಳಲಿಲ್ಲ. ಮೂಗಯ್ಯನೂ ಸಂಘಮಿತ್ರಳೂ ಬಂದಿದ್ದರು. ಕ್ಯಾಸೆಟ್ಟಿನ ಒಂದು ಪ್ರತಿಯನ್ನು ಗ್ರಂಥಾಲಯದಲ್ಲಿ ಇಡಲು ಅವಳು ಒಪ್ಪಿಗೆ ಪಡೆದಿದ್ದಳು. ಅಂಟಿಸುವ ಚೀಟಿ ಕೈಯಲ್ಲಿತ್ತು.

“ಯಾರ ಹೆಸರಲ್ಲಿ ಸೇರಿಸ್ಲಿ ಸಾರ್?”

“ಚನ್ನಬಸವಯ್ಯನವರದು ಅಂತ ಬರಿಯಮ್ಮ” ಎಂದು ಹೇಳಿ, ರುದ್ರಸ್ವಾಮಿ ಬೀರುವಿನ ಬೀಗ ತೆಗೆದು ಕ್ಯಾಸೆಟ್ ತಂದರು. “ಎಲ್ರೂ ಇದೀರಲ್ಲ. ಕೇಳ್ಬುಡಿ.”

ಸಂಘಮಿತ್ರ ಟೇಪು ಹಾಕಿದಳು. ಸರ್ವಮಂಗಳಮ್ಮ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಒಂದು ಸಾಲು ಎತ್ತಿದರು. ಹೆಂಗಸರ ನಡುವೆ ಯಾರೋ ಬಿಕ್ಕಿದರು. ಎರಡನೇ ಸಾಲಿಗೆ ದನಿ ಏರುವಷ್ಟರಲ್ಲಿ ಟೇಪಿನಿಂದ ರುದ್ರಸ್ವಾಮಿಯ ಗಂಟಲು ಕೇಳಿಸಿತು. “ಅಮ್ಮ, ಅಪ್ಪ ಇದನ್ನ ಇನ್ನೂ ಗಟ್ಟಿಯಾಗಿ ಹೇಳ್ತಿದ್ರಾ?”

“ಹೂಂ ಕಣಪ್ಪ. ಸ್ವಲ್ಪ ಗಟ್ಟಿ.” ಮತ್ತೆ ಹಾಡು. ಒಂದೂವರೆ ಸಾಲು.

“ಅಪ್ಪ ಹಾಡೋವಾಗ ಕಣ್ಣು ಮುಚ್ಕೋತಿದ್ರಾ?”

ತಾಯಿ ಹಾಡು ಎತ್ತುವರು, ಮಗ ಪ್ರಶ್ನೆ ಕೇಳುವನು. ಅಪ್ಪನ ಎತ್ತರ ಎಷ್ಟು? ಅಪ್ಪನಿಗೆ ಯಾವ ರಾಗ ಇಷ್ಟ? ಅಪ್ಪ ನನ್ನ ಎತ್ಕೊಂಡು ಹಾಡಿದ್ರಾ? ಆಗೆಲ್ಲ ತಾಯಿ ನಿಲ್ಲಿಸಿ, ಬೇಸರವಿಲ್ಲದೆ ಉತ್ತರ ಕೊಟ್ಟು, ಬಿಟ್ಟಲ್ಲಿಂದ ಎತ್ತುತ್ತಿದ್ದರು. ಬೀಸುವಾಗಿನ ಆಕೆಯದೇ ಹಾಡು ಬಂತು. ಅದರಲ್ಲಿ ಅಪ್ಪ ಇರಲಿಲ್ಲ. ದನಿ ಇದ್ದಕ್ಕಿದ್ದ ಹಾಗೆ ಎಳೆಯದಾಯಿತು, ಹಗುರಾಯಿತು, ಒಂದು ತಿರುವು ತೆಗೆದುಕೊಳ್ಳಲು ಮೇಲೇರಿತು.

“ಅಮ್ಮ, ಇದನ್ನ ಅಪ್ಪ ಯಾವ ಥರ…”

“ಸುಮ್ನಿರೋ ಮುಂಡೇದೇ!” ರುದ್ರಸ್ವಾಮಿ ಎದ್ದು ನಿಂತು ಟೇಪ್ ರೆಕಾರ್ಡರಿಗೆ ಕೂಗಿದರು. “ಬಾಯಿ ಮುಚ್ಚೋ! ಅವಳು ಹಾಡ್ಲಿ ಬಿಡೋ!”

ಟೇಪಿನೊಳಗಿನ ರುದ್ರಸ್ವಾಮಿ ಸುಮ್ಮನಾಗಲಿಲ್ಲ. ಅಪ್ಪ ಯಾವ ಥರ ಹೇಳುತ್ತಿದ್ದರೆಂದು ಪೂರ್ತಿ ಕೇಳಿಯೇ ಕೇಳಿದ. ದೊರೆಸ್ವಾಮಿಯವರು ಗೋಡೆಯ ಕಡೆ ತಿರುಗಿದರು. ಸಂಘಮಿತ್ರ ಕೈಲಿದ್ದ ಚೀಟಿಯಲ್ಲಿ ಒಂದು ಹೆಸರು ಹೊಡೆದು ಇನ್ನೊಂದು ಬರೆದಳು. ಬರೆದು, ಟೇಪು ನಿಲ್ಲಿಸಲು ಕೈ ಚಾಚಿದಳು.

ರುದ್ರಸ್ವಾಮಿ ಅವಳ ಕೈ ತಡೆದರು.

“ಆಫ್ ಮಾಡ್ಬೇಡಮ್ಮ” ಎಂದರು. “ಅವನ ಮಾತು ಮುಗಿದ್ಮೇಲೆ ಅವಳಿದಾಳೆ.”